ಹೊರಳುವ ಬಣ್ಣದ ಕಂಪ್ಯೂಟರ್

2004ರ ಅಕ್ಟೋಬರ್ 24, ರವಿವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ.

ಅಂಕ ಕೊಟ್ಟು ಸಾಮಾನು ಆರಿಸುವವರ ಮನೆಗೆ ಅತಿ ಕಡಿಮೆ ಅಂಕ ಬಿದ್ದ ಸಾಮಾನೇ ಬಂದು ಕೂರುತ್ತದೆ ಎಂಬುದು ನನ್ನ ಇಷ್ಟು ದಿನಗಳ ಡೈರಿಯ ಸಾರ. ನಮ್ಮ ಮನೆಯ ಮಿಕ್ಸರ್ ನಾನು ಮಾಡಿದ ಪಟ್ಟಿಯಲ್ಲಿ ಏಳನೆಯದು. ಪಟ್ಟಿಯಲ್ಲಿ ಇದ್ದದ್ದೇ ಏಳು. ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬಿ ಪುಕ್ಕಟೆ ಎಂದು ಅವ್ವ ಅದನ್ನೇ ತಂದಳು. ಡಬ್ಬಿ ಇವತ್ತಿಗೂ ಚೆನ್ನಾಗಿದೆ. ಫ್ಯಾನು, ಕುಕ್ಕರು, ಅಪ್ಪನ ಕನ್ನಡಕದ ಚೌಕಟ್ಟು ಎಲ್ಲದರ ಕಥೆಯೂ ಹೀಗೆಯೇ. ಆದರೂ ನಾನು ಪಟ್ಟಿ ಮಾಡುವುದನ್ನು ಬಿಟ್ಟಿಲ್ಲ. ಗೆರೆ ಹೊಡೆದು, ಕಾಲಂ ಹಾಕಿ, ಹತ್ತಕ್ಕೆ ಇಷ್ಟು ಎಂದು ಅಂಕ ತುಂಬುವಾಗ ಮನಸ್ಸಿಗೆ ಒಂದು ನೆಮ್ಮದಿ ಇರುತ್ತದೆ. ಕೊನೆಗೆ ಬರುವ ಸಾಮಾನಿಗೂ ಆ ನೆಮ್ಮದಿಗೂ ಯಾವ ಸಂಬಂಧವೂ ಇರಬೇಕಿಲ್ಲ. ಹೀಗಿರುವ ನಾನು ಈ ವರ್ಷ ಆರಿಸಬೇಕಾಗಿ ಬಂದದ್ದು ಕಂಪ್ಯೂಟರನ್ನು. ಅದೂ ಚಿತ್ರಕಲೆಯ ಕೆಲಸಕ್ಕೆ, ಅದೂ ಈರಣ್ಣ ಕಾಕಾನ ಜೊತೆಗೆ.

ಈರಣ್ಣ ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಗುಳೇದಗುಡ್ಡದವರು. ನಮ್ಮ ಅಪ್ಪ ಗುಮಾಸ್ತನ ಕೆಲಸಕ್ಕೆಂದು ಪುಣೆಗೆ ಬಂದ ರೈಲಿನಲ್ಲಿ ಎದುರಿನ ಸೀಟಿನಲ್ಲಿ ಕುಪ್ಪಸದ ಬಟ್ಟೆಯಾದ ಖಣದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು. ಅಂದು ಹಂಚಿಕೊಂಡ ರೊಟ್ಟಿ, ಶೇಂಗಾ ಚಟ್ನಿ ಇಂದಿಗೂ ಕರಗಿಲ್ಲ. ಈಗ ಲಕ್ಷ್ಮಿ ರಸ್ತೆಯ ಪಕ್ಕದ ಒಂದು ಓಣಿಯಲ್ಲಿ ಅವರದು ಖಣ ಮತ್ತು ಇಳಕಲ್ ಸೀರೆಯ ಅಂಗಡಿ. ಉಡಿ ತುಂಬುವ ಖಣ, ಕುಪ್ಪಸದ ಖಣ, ಗೌರಿಯ ಖಣ ಎಂದು ಪುಣೆಯ ಅರ್ಧ ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಾರೆ. ಕಾಕಾ ಅವರೊಡನೆ ಮರಾಠಿ ಮಾತಾಡುತ್ತಾರೆ. ಅದು ಮರಾಠಿ ಎಂದು ಗೊತ್ತಾಗುವುದು ಎದುರಿಗಿರುವವರು ಮರಾಠಿಯಲ್ಲಿ ಉತ್ತರ ಕೊಟ್ಟ ಮೇಲೆಯೇ.

ನಾನು ಕಮರ್ಷಿಯಲ್ ಆರ್ಟ್ ಕೋರ್ಸ್ ಮುಗಿಸಿ ಮನೆಯಲ್ಲಿ ಕೂತಿದ್ದ ಸುದ್ದಿ ಕೇಳಿ ಕಾಕಾ ಮೇ ತಿಂಗಳಲ್ಲಿ ಕೊಂಢವಾ ಬಡಾವಣೆಯ ನಮ್ಮ ಮನೆಗೆ ಬಂದರು. "ವೀಣವ್ವಾ, ಈ ಸಲ ಗೌರಿ ಹಬ್ಬಕ್ಕ ನಮ್ಮ ಅಂಗಡೀದು ಒಂದು ಬಣ್ಣದ ಪುಸ್ತಕ ಮಾಡೂಣು. ನೋಡಿದ ಹೆಣ್ಮಕ್ಕಳು ಒಲಿ ಮ್ಯಾಲಿನ ಹಾಲು ಬಿಟ್ಟು ಅಂಗಡಿಗೆ ಓಡಿ ಬರಬೇಕು. ಆದರ ಒಂದ ಮಾತು. ಬಣ್ಣ ಹೆಂಗ ಅದನೋ ಹಂಗ ಬರಬೇಕು. ಚಿಂತಾಮಣಿ ನೀಲಿ ಅಂದರ ಚಿಂತಾಮಣಿ. ಅದು ಆಕಾಶದ ಬಣ್ಣ ಆಗಿ ಬಂತಂದ್ರ ನಾ ಮುಟ್ಟೂದುಲ್ಲ."

ಅಪ್ಪ ಅಷ್ಟರಲ್ಲೇ ನನ್ನ ಭವಿಷ್ಯವನ್ನು ಎರಡು ಭಾಗ ಮಾಡಿಬಿಟ್ಟರು. "ನೋಡವಾ, ಕಂಪ್ಯೂಟರ್ ಕೊಡಸ್ತೀನಿ. ಈರಣ್ಣನ ಈ ಕೆಲಸ ನೆಟ್ಟಗಾತು ಅಂದ್ರ ನೀ ಮನ್ಯಾಗ ಕೂತು ನಿನ್ನ ಚಿತ್ರ ತೆಗಿ, ನಾ ಅಡ್ಡ ಬರೂದಿಲ್ಲ. ಕೆಟ್ಟತು ಅಂದ್ರ ಗೌರಿ ಕಳಿಸಿದ ಮರುದಿನ ಕದಮ್ ಸಾಹೇಬರ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ಕೂಡು. ಅವರು ಜಾಗಾ ಹಿಡದಿಟ್ಟಾರ." ಕದಮ್ ಸಾಹೇಬರ ಆಫೀಸನ್ನು ನಾನು ನೋಡಿದ್ದೆ. ಅಲ್ಲಿದ್ದದ್ದು ಎರಡೇ ಬಣ್ಣ: ಲಾರಿಯ ಮಸಿ ಮತ್ತು ಗೋಡೆಯ ಮೇಲಿನ ಎಲೆಅಡಿಕೆಯ ಕೆಂಪು. ನಾನು ಆ ರಾತ್ರಿಯೇ ಗೆರೆ ಹೊಡೆದು ಕಾಲಂ ಹಾಕಿದೆ.

ಪುಣೆಯಲ್ಲಿ ಕಂಪ್ಯೂಟರ್ ಕೊಳ್ಳುತ್ತೇನೆ ಎಂದು ಬಾಯಿ ಬಿಡುವುದೂ ಮದುವೆಗೆ ಹುಡುಗ ನೋಡುತ್ತಿದ್ದೇವೆ ಎಂದು ಹೇಳುವುದೂ ಒಂದೇ. ಗೊತ್ತಿದ್ದವರೂ ಗೊತ್ತಿಲ್ಲದವರೂ ಸಲಹೆ ತರುತ್ತಾರೆ. ನನ್ನ ಗೆಳತಿಯೊಬ್ಬಳು, ವಿದೇಶಿ ಕಂಪನಿಯ ದುಬಾರಿ ಯಂತ್ರವಿಲ್ಲದಿದ್ದರೆ ನಿನ್ನನ್ನು ಡಿಸೈನರ್ ಎಂದು ಯಾರೂ ಕರೆಯುವುದಿಲ್ಲ ಎಂದಳು. ಇನ್ನೊಬ್ಬಳು ಕೈಯಲ್ಲಿ ಬರೆಯುವ ಹಲಗೆ, ಅದಕ್ಕೆ ಬೇರೆ ಲೇಖನಿ ತೆಗೆದುಕೋ ಎಂದಳು. ಮೇಲಿನ ಮಹಡಿಯಲ್ಲಿ ಮಂಜುನಾಥ ಎಂಬ ಬೆಂಗಳೂರಿನ ಹುಡುಗನಿದ್ದಾನೆ, ಮಗರಪಟ್ಟಾದಲ್ಲಿ ಸಾಫ್ಟ್‌ವೇರ್ ಕೆಲಸ. ಅವನು ಮೆಟ್ಟಿಲ ಮೇಲೆ ನಿಂತುಕೊಂಡೇ ಹೇಳಿದ: "ನೋಡಿ ವೀಣಾ, ಬೇರೆ ಎಲ್ಲಾ ಅಡ್ಜಸ್ಟ್ ಮಾಡ್ಕೋಬಹುದು. ಕಾರ್ಡ್ ಮಾತ್ರ ಚೆನ್ನಾಗಿರೋದೇ ತಗೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಮೇಲೇನೇ ಎಲ್ಲಾ ಡಿಪೆಂಡ್ ಆಗಿರೋದು." ಒಳಗಿನಿಂದ ಅವ್ವ ಕೇಳಿಸಿಕೊಂಡಳು. ಅವನು ಹೋದ ಮೇಲೆ, "ಯಾರದ ಕಾರ್ಡ? ಆ ಹುಡುಗಂದು ಲಗ್ನ ಗೊತ್ತಾತೇನು?" ಎಂದಳು. ಅದು ಕಂಪ್ಯೂಟರ್ ಒಳಗಿನ ಕಾರ್ಡು ಎಂದೆ. "ಹೌದೌದು, ಈಗ ಕಾರ್ಡ ಎಲ್ಲಾ ಅದರಾಗ ಮಾಡ್ತಾರ," ಎಂದು ಅವ್ವ ಎರಡು ದಿನ ಮಂಜುನಾಥನ ತಾಯಿಯ ಊರು, ಕೇರಿ ವಿಚಾರಿಸಿದಳು.

ನನ್ನ ಪರೀಕ್ಷೆಯ ಕ್ರಮ ಹೀಗಿತ್ತು. ಕಾಕಾನ ಅಂಗಡಿಯಿಂದ ಖಣದ ತುಂಡುಗಳನ್ನು ತಂದು ಗೆಳತಿಯ ಸ್ಕ್ಯಾನರಿನಲ್ಲಿ ಹಾಕಿ, ಚಿತ್ರಗಳನ್ನು ಒಂದು ಸಿಡಿಗೆ ತುಂಬಿ, ಆ ಸಿಡಿಯನ್ನು ಅಂಗಡಿ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು, ಪರದೆಯ ಪಕ್ಕದಲ್ಲಿ ನಿಜವಾದ ತುಂಡನ್ನು ಹಿಡಿದು ಹೋಲಿಸುವುದು. ಬಣ್ಣಕ್ಕೆ ಹತ್ತು ಅಂಕ, ಬಿಳುಪಿಗೆ ಹತ್ತು, ಕಣ್ಣು ಉರಿಯದಿದ್ದರೆ ಹತ್ತು. ಸೇಲ್ಸ್‌ಮನ್ "ಟೆನ್ಶನ್ ಘೇಊ ನಕಾ", ಚಿಂತೆ ಬೇಡ, ಎಂದ ಪ್ರತಿ ಸಲಕ್ಕೂ ಒಂದು ಅಂಕ ಕಡಿತ. ಕೆಲವು ಅಂಗಡಿಗಳು ಸೊನ್ನೆಗಿಂತ ಕೆಳಗೆ ಹೋದವು.

ಸ್ಕ್ಯಾನರಿನಲ್ಲಿಯೇ ಮೊದಲ ತೊಡಕು ಬಂತು. ಖಣದ ನೇಯ್ಗೆಯಲ್ಲಿ ಹಾಸು ಎಂಬ ಉದ್ದದ ಎಳೆ ಒಂದು ಬಣ್ಣ, ಹೊಕ್ಕು ಎಂಬ ಅಡ್ಡ ಎಳೆ ಇನ್ನೊಂದು ಬಣ್ಣ. ಹಾಸು ನೇರಳೆ, ಹೊಕ್ಕು ಹಸಿರು ಇದ್ದರೆ ಬಟ್ಟೆ ಈ ಕಡೆಯಿಂದ ನೇರಳೆ, ಆ ಕಡೆಯಿಂದ ಹಸಿರು. ಮರಾಠಿಯವರು ಧೂಪಛಾಂವ ಎನ್ನುತ್ತಾರೆ, ಬಿಸಿಲು ನೆರಳು. ಕಾಕಾ "ಖಣ ಹೊರಳತದ" ಎನ್ನುತ್ತಾರೆ. ಸ್ಕ್ಯಾನರಿಗೆ ಈ ಹೊರಳಾಟ ತಿಳಿಯದು. ತುಂಡನ್ನು ಉದ್ದಕ್ಕೆ ಇಟ್ಟರೆ ನೇರಳೆ ಚಿತ್ರ ಕೊಟ್ಟಿತು, ಅಡ್ಡ ಇಟ್ಟರೆ ಹಸಿರು ಚಿತ್ರ ಕೊಟ್ಟಿತು. ಎರಡನ್ನೂ ಕಾಕಾಗೆ ತೋರಿಸಿದೆ. "ಒಂದ ಖಣಕ್ಕ ಎರಡು ಫೋಟೋ? ಇದೇನು ಅವಳಿ ಜವಳಿ ಕೂಸೇನ?" ಎಂದರು. ನಾನು ಎರಡನ್ನೂ ಸೇರಿಸಿ, ನೇರಳೆಯ ಮೇಲೆ ಹಸಿರಿನ ಮಿಂಚು ಎಳೆದು ಒಂದೇ ಚಿತ್ರ ಮಾಡಿದೆ. ಕಾಕಾ ಅದನ್ನು ನೋಡಿ, "ಛಲೋ ಅದ. ಆದರ ಸುಮ್ಮನ ಕೂತದ. ಯಾಕ ಹೊರಳವಲ್ದು? ದೊಡ್ಡ ಅಂಗಡ್ಯಾಗಿನ ಪರದೆ ಒಳಗ ನೋಡೂಣು ನಡಿ," ಎಂದರು.

ಜುಲೈ 11ರ ರವಿವಾರ ಕಾಕಾನೂ ನಾನೂ ಹೊರಟೆವು. ಮುಂದಿನ ರವಿವಾರ ಅಧಿಕ ಮಾಸ ಹತ್ತುತ್ತದೆ, ಆಮೇಲೆ ಒಂದು ತಿಂಗಳು ಹೊಸ ಸಾಮಾನು ತರುವ ಹಾಗಿಲ್ಲ ಎಂದು ಕಾಕಾ ಪಂಚಾಂಗ ನೋಡಿ ದಿನ ಹಿಡಿದಿದ್ದರು. ಮಳೆ ಹೊಡೆಯುತ್ತಿತ್ತು. ಕಾಕಾನ ಒಂದು ಬಗಲಲ್ಲಿ ಕೊಡೆ, ಇನ್ನೊಂದು ಬಗಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಖಣಗಳು. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಬಂದ ಮಾನಿಟರ್ ಇದ್ದ ಅಂಗಡಿಗೆ ನೇರವಾಗಿ ಹೋದೆವು. ಸೇಲ್ಸ್‌ಮನ್ ಹೆಸರು ಪ್ರಸಾದ. ಹಳೆ ಪುಣೆಯ ಅಚ್ಚ ಸದಾಶಿವ ಪೇಟೆಯ ಹುಡುಗ, ಗಿರಾಕಿ ಬಂದದ್ದು ತನ್ನ ತಪ್ಪಲ್ಲ ಎಂಬ ಮುಖ.

ನನಗೆ ಮೆಚ್ಚಿಗೆಯಾಗಿದ್ದದ್ದು ಹಿಂದೆ ಅಕ್ಕಿಮೂಟೆಯಷ್ಟು ಹೊಟ್ಟೆ ಇರುವ, ಗಾಜಿನ ದೊಡ್ಡ ಮಾನಿಟರ್. ಬಣ್ಣಕ್ಕೆ ಹತ್ತಕ್ಕೆ ಒಂಬತ್ತು. ಪ್ರಸಾದ ಅದರ ಗುಣಗಾನ ಮಾಡಿದ: ಒಂದು ಕೋಟಿ ಅರವತ್ತೇಳು ಲಕ್ಷ ಬಣ್ಣ ತೋರಿಸುತ್ತದೆ ಎಂದ. ಕಾಕಾ ಕುರ್ಚಿ ಎಳೆದುಕೊಂಡು ಕೂತರು. ಅವರ ಜೀವಮಾನದಲ್ಲಿ ಅಷ್ಟು ಬಣ್ಣದ ಬಟ್ಟೆಯ ಥಾನು ಯಾರೂ ಬಿಚ್ಚಿ ತೋರಿಸಿರಲಿಲ್ಲ.

"ಅದರಾಗ ಚಿಂತಾಮಣಿ ಅದನೇನು ಕೇಳು," ಎಂದರು ನನಗೆ.

ನಾನು ಮರಾಠಿಯಲ್ಲಿ ಕೇಳಿದೆ. ಪ್ರಸಾದ, ಬ್ಲೂ ಇದೆ ಎಂದ.

"ಬ್ಲೂ ಬ್ಯಾರೆ. ದಾಳಿಂಬರಿ? ಗಿಣಿಹಸರು? ಬದನಿಕಾಯಿ?"

ಪ್ರಸಾದ, ರೆಡ್ ಇದೆ, ಗ್ರೀನ್ ಇದೆ, ಇವೆರಡು ಮತ್ತು ಬ್ಲೂ ಸೇರಿಯೇ ಎಲ್ಲವೂ ಆಗುತ್ತವೆ ಎಂದ.

ಕಾಕಾ ನನ್ನ ಕಡೆ ಬಗ್ಗಿ ದನಿ ಇಳಿಸಿದರು. "ವೀಣವ್ವಾ, ಇವನ ಹಂತ್ಯಾಕ ಇರೂದು ಬರೇ ಮೂರು ಬಣ್ಣ. ಕೋಟಿ ಅಂತಾನ. ಹುಷಾರ್ ಇರು."

ನಾನು ಸಿಡಿ ಹಾಕಿಸಿ ಖಣದ ಚಿತ್ರ ತೆರೆಸಿದೆ. ಕಾಕಾ ಕುರ್ಚಿಯಿಂದ ಎದ್ದು ಎಡಕ್ಕೆ ಹೋದರು, ಬಲಕ್ಕೆ ಹೋದರು, ಕತ್ತು ಓರೆ ಮಾಡಿದರು, ಒಂದು ಕಣ್ಣು ಮುಚ್ಚಿದರು. ಚಿತ್ರ ಎಲ್ಲಿಂದ ನೋಡಿದರೂ ಅದೇ ನೇರಳೆ. ಪ್ರಸಾದನಿಗೆ ಮೊದಲ ಸಲ ಉತ್ಸಾಹ ಬಂತು. "ಬಘಾ ಕಾಕಾ, ಕುಠೂನಹೀ ಬಘಾ, ಕಲರ್ ಬದಲತ ನಾಹೀ!" ಎಲ್ಲಿಂದ ಬೇಕಾದರೂ ನೋಡಿ, ಬಣ್ಣ ಬದಲಾಗುವುದೇ ಇಲ್ಲ.

"ಅದನ್ನ ಹೇಳಾಕತ್ತೀನಿ ನಾನೂ," ಎಂದರು ಕಾಕಾ ಕನ್ನಡದಲ್ಲಿಯೇ. "ಬದಲ ಆಗೂದುಲ್ಲ. ಸತ್ತ ಬಣ್ಣ ಇದು."

ನಾನು ಅವರಿಗೆ ತಿಳಿಸಿ ಹೇಳಲು ನೋಡಿದೆ. ಡಿಸೈನ್ ಮಾಡುವವರಿಗೆ ಬೇಕಾದದ್ದೇ ಅದು ಕಾಕಾ, ಬಣ್ಣ ಸ್ಥಿರವಾಗಿರಬೇಕು ಎಂದೆ. "ಸ್ಥಿರ ಇರಬೇಕಾದದ್ದು ಲಕ್ಷ್ಮೀ. ಖಣ ಅಲ್ಲ," ಎಂದು ಕಾಕಾ ನನ್ನ ಮೊದಲ ಸ್ಥಾನದ ಮಾನಿಟರಿಗೆ ಬೆನ್ನು ತಿರುಗಿಸಿದರು. ತಿರುಗಿಸುವ ರಭಸಕ್ಕೆ ಬಗಲಿನ ಕೊಡೆ ಜಾರಿತು.

ಕೊಡೆ ಉರುಳಿಕೊಂಡು ಹೋಗಿ ನಿಂತದ್ದು ಅಂಗಡಿಯ ಮೂಲೆಯ ಇನ್ನೊಂದು ಮೇಜಿನ ಕೆಳಗೆ. ಆ ಮೇಜಿನ ಮೇಲೆ ಆಗಷ್ಟೇ ಬರತೊಡಗಿದ್ದ ತೆಳು ಪರದೆಯ ಮಾನಿಟರ್ ಇತ್ತು. ನಾನು ಹಿಂದಿನ ವಾರ ಅದರಲ್ಲಿ ಸಿಡಿ ತೆರೆಸಿ ಪರೀಕ್ಷೆ ಮಾಡಿದ್ದೆ. ನೇರ ಕೂತರೆ ಪರವಾಗಿಲ್ಲ, ಸ್ವಲ್ಪ ಅಲುಗಾಡಿದರೆ ಬಣ್ಣವೆಲ್ಲ ಕಲಸಿಹೋಗುತ್ತಿತ್ತು. ಬಣ್ಣಕ್ಕೆ ಹತ್ತಕ್ಕೆ ಎರಡು ಕೊಟ್ಟಿದ್ದೆ, ಅದೂ ತೆಳ್ಳಗಿದೆ ಎಂಬ ಮರ್ಯಾದೆಗೆ. ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಅಂದು ನಾನು ತೆರೆಸಿದ್ದ ಖಣದ ಚಿತ್ರವನ್ನು ಯಾರೂ ಅಳಿಸದೆ, ಅಂಗಡಿಯವರು ಚೆಂದ ಕಾಣುತ್ತದೆ ಎಂದು ಹಾಗೆಯೇ ಬಿಟ್ಟಿದ್ದರು. ಕಾಕಾ ಕೊಡೆ ಎತ್ತಲು ಬಗ್ಗಿದರು. ಬಗ್ಗಿದವರು ಹಾಗೆಯೇ ನಿಂತರು. ಅವರ ಸೊಂಟ ಹಿಡಿದುಕೊಂಡಿತೋ ಎಂದು ನನಗೆ ಗಾಬರಿಯಾಯಿತು.

"ವೀಣವ್ವಾ!"

"ಏನಾತ್ರಿ ಕಾಕಾ?"

"ಹೊರಳಾಕತ್ತೇದ!"

ನಾನೂ ಅವರ ಪಕ್ಕದಲ್ಲಿ ಬಗ್ಗಿ ನೋಡಿದೆ. ಕೆಳಗಿನಿಂದ ನೋಡಿದರೆ ನೇರಳೆ ಕಪ್ಪಾಗಿ, ಕಪ್ಪಿನಿಂದ ಹಸಿರು ಎದ್ದು ಬರುತ್ತಿತ್ತು. ಕಾಕಾ ಮೆಲ್ಲಗೆ ಏಳತೊಡಗಿದರು. ಹಸಿರು ನೇರಳೆಯಾಯಿತು. ಪೂರ್ತಿ ನಿಂತರು, ನೇರಳೆ ಬೆಳ್ಳಗಾಗಿ ಮಿಂಚಿತು. ಮತ್ತೆ ಕೂತರು. ಮತ್ತೆ ಎದ್ದರು. ಪ್ರಸಾದ ಓಡಿಬಂದ. ಆ ಮಾನಿಟರನ್ನು ಪಕ್ಕದಿಂದ ನೋಡಲು ಗಿರಾಕಿಗಳಿಗೆ ಬಿಡಬಾರದೆಂದು ಅವನಿಗೆ ಮಾಲೀಕರ ಅಪ್ಪಣೆ ಇತ್ತೆಂದು ಕಾಣುತ್ತದೆ. "ಕಾಕಾ, ಸಮೋರೂನ ಬಘಾ, ಸಮೋರೂನ!" ಎಂದು ಅವರ ತೋಳು ಹಿಡಿದು ಎದುರಿಗೆ ನಿಲ್ಲಿಸಲು ಹೆಣಗಿದ. ಅವನು ಎದುರಿಗೆ ಎಳೆದಷ್ಟೂ ಕಾಕಾ ಓರೆಗೆ ಸರಿದರು.

"ಬಿಡೋ ಮಾರಾಯಾ, ಇಷ್ಟ ಛಲೋ ಸಾಮಾನು ಮೂಲ್ಯಾಗ ಇಟ್ಟೀರಿ, ನಿಮಗ ಧಂದೆ ಮಾಡಾಕ ಬರತದೇನು?"

"ಕಾಕಾ," ಎಂದೆ ನಾನು, "ಅದು ಆ ಮಾನಿಟರಿನ ದೋಷ ರೀ. ಖಣ ಅಷ್ಟ ಅಲ್ಲ, ಎಲ್ಲಾ ಚಿತ್ರಾನೂ ಹಂಗ ಕಾಣತಾವ. ನಾ ಅದಕ್ಕ ಎರಡ ಅಂಕ ಕೊಟ್ಟೀನಿ."

"ನಿನಗ ಅಂಕ ಕೊಡಾವ ಯಾರು, ನಾ ಅಲ್ಲೇನು?" ಎಂದರು ಕಾಕಾ. ಕೆಲಸ ಕೊಡುವವರು ಅವರು. ಅವರ ಹಿಂದೆ ನನಗೆ ಕದಮ್ ಸಾಹೇಬರ ಆಫೀಸಿನ ಗೋಡೆ ಕಂಡಿತು. ಅಧಿಕ ಮಾಸ ಹತ್ತುವ ಮೊದಲು, ಕೊನೆಯ ಸ್ಥಾನದ ಮಾನಿಟರ್ ನಮ್ಮ ಮನೆಗೆ ಬಂತು. ಪ್ರಸಾದ ಪ್ಯಾಕ್ ಮಾಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಟೆನ್ಶನ್ ಘೇಊ ನಕಾ ಎಂದ. ಅದು ಮಾತ್ರ ಮನಸ್ಸಿನಿಂದ ಹೇಳಿದ ಹಾಗಿತ್ತು. ಅಂಕ ಕಡಿಯಲಿಲ್ಲ.

ಆ ಪರದೆಯ ಮುಂದೆ ಕೆಲಸ ಮಾಡುವುದು ಎಂದರೆ ಫೋಟೋ ಸ್ಟುಡಿಯೋದಲ್ಲಿ ಗಲ್ಲ ಎತ್ತಿ ಕೂತ ಹಾಗೆ. ಉಸಿರೆಳೆದರೆ ಬಣ್ಣ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಕುರ್ಚಿಯ ನಾಲ್ಕು ಕಾಲಿನ ಸುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಅವ್ವ ಅದನ್ನು ಹಳೆಯ ರಂಗೋಲಿಯೆಂದು ತಿಳಿದು ದಿನಾ ಸಾರಿಸಿದಳು. ಮನೆಯವರೆಲ್ಲ ನನ್ನ ಕೆಲಸವನ್ನು ನೋಡುತ್ತಿದ್ದರು, ಆದರೆ ಒಬ್ಬೊಬ್ಬರು ಒಂದೊಂದು ಕೆಲಸವನ್ನು. ಅಪ್ಪ ಆರಡಿ ಎತ್ತರ. ನನ್ನ ಹಿಂದೆ ನಿಂತು, "ಪೂರಾ ಪೇಲವ ಆಗೇದಲ್ಲ, ಹತ್ತು ಸಲ ಒಗದ ಸೀರಿ ಕಂಡಂಗ," ಎನ್ನುತ್ತಿದ್ದರು. ನೆಲದ ಮೇಲೆ ಮೆಂತ್ಯ ಸೋಸುತ್ತ ಕೂತ ಅವ್ವ ಅಲ್ಲಿಂದಲೇ, "ಪೇಲವ ಎಲ್ಲಿ ಅದರಿ? ಕರ್ರಗ ಮಸಿ ಕುಡದಂಗ ಮಾಡ್ಯಾಳ," ಎನ್ನುತ್ತಿದ್ದಳು. "ನಿನಗ ಕಣ್ಣು ಮಂಜಾಗ್ಯಾವ." "ನಿಮಗ ಮೊದಲ ಎಲ್ಲಿ ಕಾಣತಿತ್ತು?" ಮದುವೆಯಾದಂದಿನಿಂದ ನಡೆದುಬಂದ ಒಂದು ಭಿನ್ನಾಭಿಪ್ರಾಯಕ್ಕೆ ಹೀಗೆ ಹೊಸ ಜಾಗ ಸಿಕ್ಕಿತು. ಒಂದು ದಿನ ನಾನು ಅಪ್ಪನನ್ನು ನೆಲಕ್ಕೂ ಅವ್ವನನ್ನು ಸ್ಟೂಲಿನ ಮೇಲಕ್ಕೂ ಕಳಿಸಿದೆ. ಅಪ್ಪ ಕರ್ರಗಿದೆ ಎಂದರು, ಅವ್ವ ಪೇಲವವಾಗಿದೆ ಎಂದಳು. ಇಬ್ಬರೂ ತಾವು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದುದು ಎಂದರು.

ಆಗಸ್ಟ್ ಕೊನೆಯಲ್ಲಿ ಕಾಕಾ ಪುಸ್ತಕವನ್ನು ಪರದೆಯ ಮೇಲೆ ನೋಡಲು ಬಂದರು. ಕೂತು ನೋಡಿದರು, ನಿಂತು ನೋಡಿದರು, ಅಡುಗೆಮನೆಯ ಬಾಗಿಲಿಗೆ ಹೋಗಿ ಅಲ್ಲಿಂದ ಇಣುಕಿ ನೋಡಿದರು. ಪ್ರತಿ ಪುಟವೂ ಹೊರಳಿತು. ಅವರ ಕಣ್ಣಲ್ಲಿ ನೀರು ಬಂತು. "ನಮ್ಮ ಅಪ್ಪ ಮಗ್ಗದ ಮ್ಯಾಲೆ ಕೂತಾಗ ನಾ ಬಾಜೂಕ ನಿಂತು ನೋಡತಿದ್ದ ಖಣ ಇದು. ಛಾಪಿಸವಾ. ಇನ್ನ ಕೇಳೂದುಲ್ಲ."

ಛಾಪಿಸಲು ಕೊಟ್ಟೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ರೆಸ್ಸಿನಿಂದ ಮಾದರಿ ಪುಟ ಬಂತು. ಹೊಳಪಿನ ಕಾಗದ, ಒಳ್ಳೆಯ ಶಾಯಿ, ಒಂದು ಚುಕ್ಕೆ ತಪ್ಪಿಲ್ಲ. ಕಾಕಾನ ಅಂಗಡಿಯ ಗಾದಿಯ ಮೇಲೆ ಕೂತು ನಾನು ಅದನ್ನು ಅವರ ಕೈಗೆ ಕೊಟ್ಟೆ. ಜೊತೆಗೆ ಅಪ್ಪನೂ ಬಂದಿದ್ದರು, ತೀರ್ಪು ಕೇಳಲು. ಕಾಕಾ ಪುಟವನ್ನು ಎಡಕ್ಕೆ ಓರೆ ಮಾಡಿದರು. ಬಲಕ್ಕೆ ಓರೆ ಮಾಡಿದರು. ತಲೆಯ ಮೇಲೆ ಹಿಡಿದು ಕೆಳಗಿನಿಂದ ನೋಡಿದರು. ಬಿಸಿಲಿಗೆ ಹೋಗಿ ಬಂದರು. ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ಹೊರಳವಲ್ದು," ಎಂದರು.

ಅಪ್ಪ ನನ್ನ ಕಡೆ ನೋಡಿದರು. ನನಗೆ ಲಾರಿಯ ಮಸಿಯ ವಾಸನೆ ಬಂದ ಹಾಗಾಯಿತು. ಕಾಗದದ ಮೇಲೆ ಅದು ಸಾಧ್ಯವಿಲ್ಲ ಕಾಕಾ, ಶಾಯಿ ಒಂದು ಸಲ ಕೂತರೆ ಕೂತಿತು ಎಂದು ಹೇಳಲು ಹೋದೆ, ಅಷ್ಟರಲ್ಲಿ ಅಪ್ಪನೇ ಮೆಲ್ಲಗೆ, "ಈರಣ್ಣಾ, ಹುಡುಗಿ ಸಣ್ಣಾಕಿ. ಕೆಟ್ಟಿದ್ದರ ಕೆಟ್ಟದ ಅಂತ ಹೇಳಿಬಿಡು. ನಾ ಕದಮ್ ಸಾಹೇಬರಿಗೆ ಫೋನ್ ಮಾಡ್ತೀನಿ," ಎಂದರು.

"ಹುಡುಗಿದೇನು ತಪ್ಪು?" ಎಂದು ಕಾಕಾ ಎದ್ದು ನಿಂತರು. "ಆಕಿ ಮಾಡಿದ್ದು ಬರೋಬ್ಬರಿ ಹೊರಳತದ, ನನ್ನ ಕಣ್ಣಿಲೆ ನೋಡೀನಿ. ಈ ಕಾಗದ ಸುಮಾರ ಅದ. ಪುಸ್ತಕ ಬ್ಯಾಡ. ಕಂಪ್ಯೂಟರನ್ನ ತರೂಣು ಇಲ್ಲಿಗೆ!"

ಅದೇ ಸಂಜೆ ನನ್ನ ಕಂಪ್ಯೂಟರ್ ರಿಕ್ಷಾ ಹತ್ತಿ ಕಾಕಾನ ಅಂಗಡಿಗೆ ಹೋಯಿತು. ಗಲ್ಲಾದ ಪಕ್ಕದಲ್ಲಿ, ಹೂವಿನ ಹಾರ ಹಾಕಿ ಕೂರಿಸಿದರು. ಖಣಗಳು ಒಂದಾದ ಮೇಲೊಂದು ತಾವೇ ಬರುವ ಹಾಗೆ ನಾನು ಮಾಡಿಕೊಟ್ಟೆ. ಗೌರಿ ಬರುವ ಮುಂಚಿನ ಆ ವಾರ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಕಾ ಪ್ರತಿ ಗಿರಾಕಿಗೂ ತಮ್ಮ ಮರಾಠಿಯಲ್ಲಿ ವಿಧಿ ಹೇಳಿಕೊಡುತ್ತಿದ್ದರು: ಖಾಲೀ ಬಸಾ, ಮಗ ಹಳೂಹಳೂ ಉಠಾ. ಮೊದಲು ಕೂಡಿ, ಆಮೇಲೆ ಮೆಲ್ಲಮೆಲ್ಲಗೆ ಏಳಿ. ಒಂಬತ್ತು ಗಜದ ಸೀರೆಯ ಅಜ್ಜಿಯರು, ಕಾಲೇಜಿನ ಹುಡುಗಿಯರು, ಕಂಕುಳಲ್ಲಿ ಕೂಸು ಇದ್ದವರು ಎಲ್ಲರೂ ನನ್ನ ಮಾನಿಟರಿನ ಮುಂದೆ ಕೂತು ಎದ್ದರು. ಹೊಸದಾಗಿ ಬಂದ ಒಬ್ಬ ಅಜ್ಜಿ, ಇಷ್ಟು ಜನ ಬಸ್ಕಿ ಹೊಡೆಯುತ್ತಿರುವುದು ಗಣಪತಿಗೇ ಎಂದು ಭಾವಿಸಿ ಕಿವಿ ಹಿಡಿದುಕೊಂಡು ತಾನೂ ಹೊಡೆದಳು, ಆಮೇಲೆ ಎರಡು ಖಣ ಕೊಂಡಳು. ಅಪ್ಪ ಬಾಗಿಲಲ್ಲಿ ನಿಂತು ಇದನ್ನು ನೋಡಿದರು. ಮರುದಿನ ಬೆಳಿಗ್ಗೆ ಕದಮ್ ಸಾಹೇಬರಿಗೆ ಫೋನ್ ಮಾಡಿ, "ನಮ್ಮ ಮಗಳು ರಿಕಾಮಿ ಇಲ್ಲರೀ ಸಾಹೇಬ್ರ, ಆಕಿಗೆ ಕೈತುಂಬ ಕೆಲಸ ಅದ," ಎಂದದ್ದನ್ನು ನಾನೇ ಕೇಳಿಸಿಕೊಂಡೆ. ಅದನ್ನು ಡೈರಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಹೀಗೆ ನಾನು ಡಿಸೈನರ್ ಆಗಿ ಉಳಿದೆ. ಕಂಪ್ಯೂಟರ್ ಮಾತ್ರ ಕಾಕಾನಲ್ಲಿ ಉಳಿಯಿತು. ಗೌರಿ ಹೋದಳು, ದಸರಾ ಹೋಯಿತು. ಕೇಳಿದಾಗಲೆಲ್ಲ, "ದೀಪಾವಳಿ ಒಂದು ಆಗಲಿ ವೀಣವ್ವಾ," ಎನ್ನುತ್ತಾರೆ. ದೀಪಾವಳಿಯ ನಂತರ ಮದುವೆಯ ದಿನಗಳು ಬರುತ್ತವೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅದು ಸಾಲದೆಂಬಂತೆ, "ಪುಣೆದಾಗ ಖಣ ಹೊರಳಿಸೂ ಡಿಸೈನರ್ ಈಕಿ ಒಬ್ಬಾಕೇನ," ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಹೋದ ವಾರ ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬರು ಮನೆ ಹುಡುಕಿಕೊಂಡು ಬಂದರು. ಅವರ ಸೆರಗು ಮೂರು ಬಣ್ಣಕ್ಕೆ ಹೊರಳುತ್ತದಂತೆ. ತಾಯೀ, ನಿಮ್ಮ ಕೈಗುಣ ಕೇಳಿದ್ದೇವೆ ಎಂದರು. ನಾನು ವಿನಯದಿಂದ ತಲೆ ಬಗ್ಗಿಸಿದೆ. ಕಾಲೇಜಿನಲ್ಲಿ ಅಷ್ಟು ವರ್ಷ ಕಲಿತ ವಿದ್ಯೆಯಲ್ಲಿ ಊರು ಮೆಚ್ಚಿದ್ದು ಒಂದು ಕೆಟ್ಟ ಪರದೆಯ ರೋಗವನ್ನು ಎಂದು ಹೇಳಲು ಬಾಯಿ ಬರಲಿಲ್ಲ.

ನಿನ್ನೆ ಎರಡನೆಯ ಮಾನಿಟರಿಗಾಗಿ ಪ್ರಸಾದನ ಅಂಗಡಿಗೆ ಹೋಗಿದ್ದೆ. ಅವನು ನನ್ನನ್ನು ಕಂಡ ಕೂಡಲೇ ಸಿಹಿ ಸುದ್ದಿ ಹೇಳುವವನ ಹಾಗೆ ಓಡಿಬಂದ. ಕಂಪನಿಯವರು ಆ ದೋಷವನ್ನು ಸರಿಪಡಿಸುತ್ತಿದ್ದಾರಂತೆ. ಹೊಸ ಮಾಲಿನಲ್ಲಿ ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ, ಎಲ್ಲಿಂದ ನೋಡಿದರೂ ಬಣ್ಣ ಅಲ್ಲಾಡುವುದಿಲ್ಲವಂತೆ. ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವನು ನೀರು ತಂದುಕೊಟ್ಟ.

ಆದ್ದರಿಂದ ಡೈರಿಯ ಈ ಪುಟವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ; ಓದುಗರಲ್ಲಿ ಒಂದು ವಿನಂತಿ. ತೆಳು ಪರದೆಯ ಮಾನಿಟರ್ ಕೊಂಡು, ಬಗ್ಗಿದರೆ ಒಂದು ಬಣ್ಣ, ಎದ್ದರೆ ಒಂದು ಬಣ್ಣ ಎಂದು ಬೇಸತ್ತು ಅಟ್ಟಕ್ಕೆ ಹಾಕಿದವರು ಯಾರಾದರೂ ಇದ್ದರೆ, ಅಥವಾ ಅಂಥದ್ದು ಇನ್ನೂ ಎಲ್ಲಿ ಸಿಗುತ್ತದೆ ಎಂಬುದನ್ನು ಬಲ್ಲವರಿದ್ದರೆ, ಈ ಪತ್ರಿಕೆಯ ಮೂಲಕ ದಯವಿಟ್ಟು ನನಗೆ ಬರೆದು ತಿಳಿಸಿ. ಎಷ್ಟು ಕೆಟ್ಟದ್ದಿದ್ದರೆ ಅಷ್ಟು ಒಳ್ಳೆಯದು. ಮೂರು ಬಣ್ಣಕ್ಕೆ ಕೆಟ್ಟಿದ್ದರಂತೂ ನಾನೇ ರಿಕ್ಷಾ ತೆಗೆದುಕೊಂಡು ಬರುತ್ತೇನೆ.